ತಂಬಿಗೆಗೆ ಸರಿಹೋದ ಕುಲಾಯಿ

೧

ಎಲ್ಲಿಂದ ಶುರು ಮಾಡಬೇಕು ಎಂಬುದು ಕ್ರೋಶಾದಲ್ಲಿ ಪ್ರಶ್ನೆಯೇ ಅಲ್ಲ. ದಾರದ ತುದಿಗೆ ಒಂದು ಕುಣಿಕೆ ಹಾಕಿ, ಅದರೊಳಗೆ ಕೊಕ್ಕೆಸೂಜಿ ತೂರಿಸಿ, ದಾರ ಎಳೆದುಕೊಂಡರೆ ಶುರುವಾದ ಹಾಗೆಯೇ. ಕಥೆಯಲ್ಲಿ ಹಾಗಲ್ಲ. ಇದನ್ನು ಬೇರೆ ಬೇರೆ ಕಡೆಯಿಂದ ಶುರು ಮಾಡಿ, ಪ್ರತಿ ಸಲವೂ ಎಳೆದು ಬಿಚ್ಚಿದ್ದೇನೆ. ಈಗ ನೀವು ಓದುತ್ತಿರುವುದು ಬಿಚ್ಚಿದ ದಾರದಲ್ಲೇ ಮತ್ತೆ ಹಾಕಿದ್ದು; ಅಲ್ಲಲ್ಲಿ ಸುಕ್ಕು ಕಂಡರೆ ಕ್ಷಮಿಸಬೇಕು.

ನಿಜವಾಗಿ ಇದು ಕಥೆ ಆಗಬೇಕಾಗಿರಲಿಲ್ಲ. ಮಹಿಳೆಯರ ಮಾಸಿಕವೊಂದರ ಸಂಪಾದಕಿ ಫೋನ್ ಮಾಡಿ, "ಕ್ರೋಶಾ ಕಲಿಯುವ ಹೊಸಬರು ಮಾಡುವ ತಪ್ಪುಗಳು, ಒಂದು ಪುಟ, ಸಿಂಪಲ್ಲಾಗಿ" ಎಂದಿದ್ದರು. ನಾನೂ ಸಿಂಪಲ್ಲಾಗಿಯೇ ಕುಳಿತೆ. "ಮೊದಲ ತಪ್ಪು: ದಾರವನ್ನು ಬಿಗಿಯಾಗಿ ಹಿಡಿಯುವುದು" ಎಂದು ಬರೆದೆ. ಬಿಗಿಯಾಗಿ ಹಿಡಿದವರು ಯಾರು? ಒಂದು ಉದಾಹರಣೆ ಇರಲಿ ಎಂದು, "ಬೈಲಹೊಂಗಲದಲ್ಲಿ ನೀಲಾ ಎಂಬವಳು, ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳುವವಳು..." ಎಂದು ಮುಂದುವರಿಸಿದೆ. ಲೇಖನ ಅಲ್ಲಿಗೇ ಕೆಟ್ಟಿತು.

(ಮೊದಲ ಡ್ರಾಫ್ಟಿನಲ್ಲಿ ನೀಲಾಳನ್ನು ವಿಧವೆ ಮಾಡಿದ್ದೆ. ಕನಿಕರ ಬೇಗ ಹುಟ್ಟಲಿ ಎಂದು. "ನಮ್ಮನಿಯವ್ರು ಒಳಗ ಕುಂತು ಪೇಪರ್ ಓದಾಕತ್ತಾರ. ಅವ್ರನ್ನ ಯಾಕ ಸಾಯಸ್ತೀರಿ?" ಎಂದು ಅವಳು ಕೇಳಿದಳು. ಗಂಡನನ್ನು ಬದುಕಿಸಿದೆ. ಹೆಸರು ವಿಜಯ. ಈ ಕಥೆಯಲ್ಲಿ ಅವನು ಪೇಪರ್ ಓದುತ್ತಾನೆ, ಅಷ್ಟೇ.)

೨

ನೀಲಾಳಿಗೆ ಒಬ್ಬನೇ ತಮ್ಮ, ಕಾಂತೇಶ. ತಾಯಿ ತೀರಿಕೊಂಡಾಗ ಅವನಿನ್ನೂ ಚಡ್ಡಿಯ ಗುಂಡಿ ತಾನೇ ಹಾಕಿಕೊಳ್ಳಲಾರದ ಹುಡುಗ. ಅವನ ಗುಂಡಿ, ಜ್ವರ, ಮಾರ್ಕ್ಸ್ ಕಾರ್ಡು, ಕೊನೆಗೆ ಮದುವೆ, ಎಲ್ಲವೂ ನೀಲಾಳ ಕೈಯಿಂದಲೇ ಆದವು. ಈಗ ಅವನು ಹೆಂಡತಿ ಮಧುವಿನೊಂದಿಗೆ ಕಿತ್ತೂರಿನಲ್ಲಿ ಮನೆ ಮಾಡಿದ್ದಾನೆ. ಮಧುವಿನ ತವರು ರಾಮದುರ್ಗ. ಚೊಚ್ಚಲ ಹೆರಿಗೆ ಅಲ್ಲಿಯೇ ಆಯಿತು.

ಕೂಸು ಹುಟ್ಟಿದಾಗ ನೀಲಾ ಆಸ್ಪತ್ರೆಗೆ ಹೋಗಿದ್ದಳು. ಬಟ್ಟೆಯಲ್ಲಿ ಸುತ್ತಿದ ಮುಖ ಒಂದಿಷ್ಟು ಕಂಡಿತು. ಎತ್ತಿಕೋ ಎಂದು ಯಾರೂ ಹೇಳಲಿಲ್ಲ. ಹೇಳದೆ ಎತ್ತಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ. ಬಾಗಿಲ ಬಳಿಯೇ ನಿಂತು, ಬಾಗಿಲಿನಿಂದಲೇ ತಿರುಗಿ ಬಂದಳು.

ಆಮೇಲೆ ಒಂದು ಮುಂಜಾನೆ ಮಧುವಿನ ತಾಯಿ ಸಿದ್ದಲಿಂಗವ್ವನ ಫೋನು.

"ನೀಲಕ್ಕಾರ, ಬರೋ ಸೋಮವಾರ ಕೂಸಿನ್ನ ತೊಟ್ಲಾಗ ಹಾಕೋದೈತ್ರಿ. ಅತ್ತಿ ನೀವು. ಕುಲಾಯಿ ನಿಮ್ದು, ಹೆಸರ ನಿಮ್ದು, ಬೆನ್ನಿಗಿ ಗುದ್ದೂ ನಿಮ್ದ!"

ಕುಲಾಯಿ ಎಂದರೆ ಕೂಸಿನ ಟೊಪ್ಪಿಗೆ. ತಂದೆಯ ಅಕ್ಕನೋ ತಂಗಿಯೋ ಅದನ್ನು ತರಬೇಕು, ತಾನೇ ಕೂಸಿನ ತಲೆಗೆ ಹಾಕಬೇಕು, ತೊಟ್ಟಿಲಿನಲ್ಲಿ ಬಗ್ಗಿ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಬೇಕು. ಅವಳು ಬಗ್ಗಿದ್ದೇ ತಡ, ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಯಾಕೆ ಗುದ್ದುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಗುದ್ದು ತಿಂದವಳು ಅತ್ತೆ, ಅಷ್ಟು ಸಾಕು.

"ಆತ್ರಿ ಅವ್ವಾರ, ಬರತೇನಿ," ಎಂದಳು ನೀಲಾ. ತಡೆದು, "ಮಧು ಏನರೆ ಅಂದ್ಲೇನ್ರಿ?" ಎಂದು ಕೇಳಿದಳು.

ಆ ಕಡೆ ಸಿದ್ದಲಿಂಗವ್ವ ದನಿ ಇಳಿಸಿದರು.

"ಮಧು ಮಲಗ್ಯಾಳ್ರಿ. ಬಾಣಂತಿ ನೋಡ್ರಿ."

ಆಕೆಯ ಹಿಂದಿನಿಂದ ಮಧು ಯಾರಿಗೋ "ಬಿಸಿನೀರ ಕಾಯ್ದಾವೇನು?" ಎಂದು ಕೇಳಿದ್ದು ನೀಲಾಳಿಗೆ ಸ್ಪಷ್ಟವಾಗಿ ಕೇಳಿಸಿತು.

ದೀಪಾವಳಿಯಿಂದ ಈಚೆಗೆ ಮಧು ಅವಳೊಡನೆ ನೇರ ಮಾತಾಡಿಲ್ಲ. ಅಂಗಡಿಯಿಂದ ಒಂದು ಕುಲಾಯಿ ತೆಗೆದುಕೊಂಡು ಹೋಗಬಹುದಿತ್ತು. ಆದರೆ ಅಂಗಡಿಯದನ್ನು ಹಾಕಿಸಿಕೊಂಡರೆ ಏನು ತಿಳಿಯುತ್ತದೆ? ತನ್ನ ಕೈಯಿಂದ ಮಾಡಿದ್ದನ್ನು ಮಧು ಕೂಸಿನ ತಲೆಯ ಮೇಲೆ ಇರಗೊಡುತ್ತಾಳೋ, ಅಥವಾ ನಾಲ್ಕು ಮಂದಿಯ ಮುಂದೆ ಹಾಕಿಸಿಕೊಂಡು ಆಮೇಲೆ ಮೆಲ್ಲಗೆ ತೆಗೆದು ಬದಿಗಿಡುತ್ತಾಳೋ? ನೀಲಾಳಿಗೆ ಬೇಕಾಗಿದ್ದದ್ದು ಇದೊಂದೇ ಉತ್ತರ. ಆ ಉತ್ತರಕ್ಕಾಗಿ ಅವಳು ಹುಟ್ಟಿದಾರಭ್ಯ ಮುಟ್ಟದ ಸೂಜಿ ಹಿಡಿದಳು.

೪

(ಮೂರು ಎಲ್ಲಿ ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ: ಬಿಟ್ಟುಹೋಯಿತು. ಇದೂ ಹೊಸಬರ ತಪ್ಪೇ. ಸಾಲಿನ ಕೊನೆಯ ಕುಣಿಕೆ ಅಂಚಿನಲ್ಲಿ ಮಡಚಿಕೊಂಡು ಕುಳಿತಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಬಿಟ್ಟು ಮುಂದಿನ ಸಾಲಿಗೆ ಹೋಗುತ್ತಾರೆ. ಪ್ರತಿ ಸಾಲಿಗೂ ಹೀಗಾದರೆ ಚೌಕ ಹೋಗಿ ತ್ರಿಕೋನವಾಗುತ್ತದೆ. ಎಣಿಸಬೇಕು. ಎಣಿಸಿದ್ದೇನೆ. ಮೂರು ಎಲ್ಲಿದೆ ಎಂದು ನನಗೆ ಗೊತ್ತು. ಅಲ್ಲಿಗೆ ಹೋಗಲು ಸದ್ಯ ನೀಲಾ ಬಿಡುತ್ತಿಲ್ಲ.)

ಹಸೀನಾಬಿಯ ಮನೆ ನೀಲಾಳ ಮನೆಗೆ ಗೋಡೆಗೆ ಗೋಡೆ. ನಮಾಜಿನ ಬಿಳಿ ಟೋಪಿ ಹೆಣೆಯುವುದರಲ್ಲಿ ಆಕೆಯ ಕೈ ಓಣಿಗೆಲ್ಲ ಗೊತ್ತು. ಓಣಿಗೆ ಗೊತ್ತು ಎಂಬುದು ಆಕೆಗೂ ಗೊತ್ತು. ಗಂಡ ಅಕ್ಬರಸಾಬರು ಟೆಂಪೋ ಓಡಿಸುವುದನ್ನು ಬಿಟ್ಟು ಮನೆಯಲ್ಲಿದ್ದಾರೆ; ಹೆಂಡತಿಯ ಹೊಸ ಟೋಪಿಗಳಿಗೆ ತಲೆ ಕೊಡುವುದು ಈಗ ಅವರ ಕೆಲಸ.

ನೀಲಾ ಯೂಟ್ಯೂಬ್ ನೋಡಿ ಹಾಕಿದ್ದ ಅಂಗೈಯಗಲದ ತುಂಡೊಂದನ್ನು ಮುಂದಿಟ್ಟಳು. ಕಪ್ಪು ಉಲ್ಲನ್ನಿನದು.

"ಇದೇನಿದು? ಪಾತ್ರಿ ತಿಕ್ಕೋದಾ?"

"ಕುಲಾಯಿ ಹಾಕಾಕ ಪ್ರ್ಯಾಕ್ಟೀಸ್ ಮಾಡೇನಿ, ಚಾಚಿ."

"ಅರೆ ಅಲ್ಲಾ! ಕರಿ ದಾರದಾಗ ಕುಣಿಕಿ ಎಲ್ಲಿ ಕಾಣ್ತಾವ ನಿನಗ? ನನಗ ಕಾಣಾಂಗಿಲ್ಲ. ಮತ್ತ ಈ ಬ್ಯಾಸಗ್ಯಾಗ, ಅದೂ ರಾಮದುರ್ಗದ ಬಿಸಲಾಗ, ಉಲ್ಲನ್ ಹಾಕಿದ್ರ ಕೂಸು ಬೇಯ್ತದ ನೀಲವ್ವಾ. ನೂಲಿನ ದಾರ ತಾ. ಗಿಳಿ ಹಸರ ತಾ. ಚಂದ ಕಾಣ್ತದ."

ಹಸೀನಾಬಿ ತನ್ನ ಸೂಜಿಯನ್ನು ಆ ಕಪ್ಪು ತುಂಡಿನೊಳಗೆ ತೂರಿಸಲು ನೋಡಿದಳು. ಹೋಗಲಿಲ್ಲ. ಇನ್ನೊಂದು ಕಡೆ ನೋಡಿದಳು. ಅಲ್ಲಿಯೂ ಹೋಗಲಿಲ್ಲ.

"ಸೂಜಿ ಬಿಡು, ಇರಿವೀನೂ ಹೋಗಾಂಗಿಲ್ಲ ಇದರಾಗ. ದಾರ ಏನು ಓಡಿ ಹೊಕ್ಕದೇನು? ಯಾಕ ಹಿಂಗ ಹಿಡ್ದಿ?"

"ವಿಡಿಯೋದಾಗೂ ಸಡಿಲ ಹಿಡೀರಿ ಅಂದ್ರು. ಹಿಡದೇನಲ್ಲ. ಸಡಿಲ ಹಿಡದದ್ದ ಇದು!"

ಹಸೀನಾಬಿ ನಕ್ಕಳು. ನಗುತ್ತ ಡಬ್ಬಿಯಿಂದ ಇನ್ನೊಂದು ಸೂಜಿ ತೆಗೆದಳು. ಮೊದಲಿನದಕ್ಕಿಂತ ದಪ್ಪನೆಯದು.

"ಸಡಿಲ ಹಿಡಿ ಅಂದ್ರ ಯಾರೂ ಹಿಡಿಯಾಂಗಿಲ್ಲ. ನಮ್ಮನಿಯವ್ರಿಗೆ ಮದುವಿ ಆದಾಗಿಂದ ಸಣ್ಣಗ ಮಾತಾಡ್ರಿ ಅನ್ನಾಕತ್ತೇನಿ. ಕೈ ಬದಲಾಗಾಂಗಿಲ್ಲ. ಸೂಜಿ ಬದಲಿ ಮಾಡು."

"ನಾ ಸಣ್ಣಗನ ಮಾತಾಡ್ತೇನಿ!" ಒಳಗಿನಿಂದ ಅಕ್ಬರಸಾಬರ ದನಿ ಬೀದಿಯ ಆ ತುದಿಗೆ ಹೋಯಿತು.

(ಸಂಪಾದಕಿಯವರ ಗಮನಕ್ಕೆ: ಕೈ ಬಿಗಿಯಿದ್ದವರು ಒಂದು ನಂಬರ್ ದಪ್ಪ ಸೂಜಿ ತೆಗೆದುಕೊಳ್ಳಬೇಕು, ತಿಳಿಬಣ್ಣದ, ನುಣುಪಾದ ದಾರದಿಂದ ಶುರು ಮಾಡಬೇಕು. ನೋಡಿ, ಲೇಖನವನ್ನು ನಾನು ಪೂರ್ತಿ ಕೈಬಿಟ್ಟಿಲ್ಲ.)

ಆ ವಾರ ನೀಲಾ ಕಾಲೇಜು ಬಿಟ್ಟ ಮೇಲೆ ಸೀದಾ ಹಸೀನಾಬಿಯ ಪಡಸಾಲೆಗೆ ಬರುತ್ತಿದ್ದಳು. ಮೊದಲು ಬಿಚ್ಚುವುದನ್ನು ಕಲಿತಳು. ಹಸೀನಾಬಿ ಕಲಿಸುವುದೇ ಹಾಗೆ: ಹಾಕು, ಎಳಿ, ಬಿಚ್ಚು, ಮತ್ತೆ ಹಾಕು. ಕ್ರೋಶಾದಲ್ಲಿ ಎಷ್ಟು ಹಾಕಿದರೂ ಜೀವಂತವಾಗಿರುವ ಕುಣಿಕೆ ಒಂದೇ, ಕೊನೆಯದು. ದಾರದ ತುದಿ ಎಳೆದರೆ ಅದು ಜಾರಿ ಹಿಂದಿನದು, ಅದೂ ಜಾರಿ ಅದರ ಹಿಂದಿನದು, ಹೀಗೆ ಪೂರಾ ಬಟ್ಟೆ ಕೈಗೆ ದಾರವಾಗಿ ಬರುತ್ತದೆ.

"ನಡುವ ಎದ್ದು ಹೋಗಾಕಿ ಇದ್ರ ಈ ಕುಣಿಕಿ ಉದ್ದ ಜಗ್ಗಿ ಬಿಟ್ಟು ಹೋಗು. ಸಣ್ಣದ ಬಿಟ್ಟಿ ಅಂದ್ರ ಬೆಕ್ಕು ಬಂದು ಎಳಿತದ, ಬಿಚ್ಚಿ ಹೊಕ್ಕದ," ಎಂದಳು ಹಸೀನಾಬಿ.

"ನಿಮ್ಮನ್ಯಾಗ ಬೆಕ್ಕ ಇಲ್ಲಲ್ಲ ಚಾಚಿ?"

"ಟೋಪಿ ಅರ್ಧಕ್ಕ ಬಿಟ್ಟ ದಿನ ಬರ್ತದ!"

(ಇಲ್ಲಿ ಒಂದು ಜಗಳವಾಯಿತು. ಬಿಗಿ ಕೈ ಎಂದ ಕೂಡಲೇ ಮುಂದಿನದು ನಿಮಗೆ ಹೊಳೆದಿರುತ್ತದೆ: ನೀಲಾ ದಾರವನ್ನು ಹಿಡಿದ ಹಾಗೆಯೇ ತಮ್ಮನನ್ನೂ ಹಿಡಿದಿದ್ದಾಳೆ ಇತ್ಯಾದಿ. ನಾನು ಅದನ್ನು ಒಂದು ಪ್ಯಾರಾ ಬರೆದೂ ಇದ್ದೆ. ನೀಲಾ ಓದಿ, "ಇಷ್ಟ ಸಸಾರ ಇದ್ರ ನನಗ ಮೊದಲ ತಿಳೀತಿರಲಿಲ್ಲೇನ್ರಿ?" ಎಂದಳು. ಪ್ಯಾರಾ ತೆಗೆದೆ. ಆದರೆ ಅದು ಇದ್ದ ಜಾಗ ಸ್ವಲ್ಪ ಉಬ್ಬಿಕೊಂಡೇ ಇದೆ, ನಿಮಗೂ ಕಾಣುತ್ತಿರಬಹುದು.)

೫

ಟೊಪ್ಪಿಗೆ ನೆತ್ತಿಯಿಂದ ಶುರುವಾಗುತ್ತದೆ. ನಡುವೆ ಒಂದು ಸಣ್ಣ ಬಳೆ, ಅದರ ಸುತ್ತ ಕಂಬಗಳ ಸುತ್ತು. ಉದ್ದನೆಯ ಹೊಲಿಗೆಗೆ ಹಸೀನಾಬಿ ಕಂಬ ಎನ್ನುತ್ತಾಳೆ. ಸುತ್ತು ಸುತ್ತಿಗೂ ಕಂಬಗಳನ್ನು ಹೆಚ್ಚಿಸುತ್ತ ಹೋದರೆ ಚಪಾತಿಯಂತೆ ಚಪ್ಪಟೆಯಾಗಿ ಬೆಳೆಯುತ್ತದೆ. ಅತಿಯಾಗಿ ಹೆಚ್ಚಿಸಿದರೆ ಅಂಚು ನಿರಿಗೆಯಾಗುತ್ತದೆ. ಹೆಚ್ಚಿಸುವುದನ್ನು ನಿಲ್ಲಿಸಿದರೆ ಅಂಚು ಬಾಗಿ ಕೆಳಗಿಳಿಯುತ್ತದೆ. ಅಲ್ಲಿಗೆ ಅದು ಟೊಪ್ಪಿಗೆ. ಹಾಗಾದರೆ ಎಲ್ಲಿ ನಿಲ್ಲಿಸಬೇಕು? ತಲೆ ಎಷ್ಟಿದೆಯೋ ಅಲ್ಲಿ.

ತಲೆ ಎಷ್ಟಿದೆ?

ಅಳೆಯುವ ಹಾಗಿಲ್ಲ. ಹಸುಗೂಸಿನ ತಲೆಗೆ ಅಳತೆಯ ಪಟ್ಟಿ ಹಿಡಿದರೆ ಬೆಳವಣಿಗೆ ನಿಲ್ಲುತ್ತದೆ ಎಂದು ಸಿದ್ದಲಿಂಗವ್ವ ನಂಬುತ್ತಾರೆ. ಹೆಸರಿಡುವ ತನಕ ಫೋಟೋ ಕೂಡ ಬೇಡ ಎನ್ನುತ್ತಾರೆ. ಇತಿಹಾಸದ ಲೆಕ್ಚರರ್ ನೀಲಾ ಇದನ್ನೆಲ್ಲ ನಂಬುವುದಿಲ್ಲ. ಆದರೆ ನಂಬದೆ ಇದ್ದು ಏನಾದರೂ ಆಗಿಬಿಟ್ಟರೆ ಎಂಬ ಭಯವನ್ನು ನಂಬುತ್ತಾಳೆ.

"ಚಾಚಿ, ನಿಮ್ಮಾಗೂ ಅಳ್ಯಾಂಗಿಲ್ಲೇನು?"

"ಅಳೀತಾರ, ಬಿಡ್ತಾರ. ನಾ ಅಂತೂ ಅಳೆದಾಕಿ ಅಲ್ಲ. ನನ್ನ ಮಕ್ಕಳಿಗೆ ತಂಬಿಗಿ ಮ್ಯಾಲ ಹಾಕಿ ನೋಡತಿದ್ದೆ. ಹೊಸ ಕೂಸಿನ ತಲಿ ತಂಬಿಗಿ ಇದ್ದಂಗ. ಫೋನ್ ಹಚ್ಚಿ ಕೇಳು."

ನೀಲಾ ರಾಮದುರ್ಗಕ್ಕೆ ಫೋನ್ ಹಚ್ಚಿದಳು. ಸಿದ್ದಲಿಂಗವ್ವನವರಿಗೆ ಈ ಪ್ರಶ್ನೆ ಕೊಂಚವೂ ವಿಚಿತ್ರ ಎನ್ನಿಸಲಿಲ್ಲ. "ಹೂಂನ್ರಿ, ನಮ್ಮ ತಂಬಿಗಿಯಷ್ಟ ಐತ್ರಿ, ಬರೋಬ್ಬರಿ ತಂಬಿಗಿಯಷ್ಟ," ಎಂದರು.

ನೀಲಾ ತಾಯಿಯ ಕಾಲದ ಹಿತ್ತಾಳೆ ತಂಬಿಗೆಯನ್ನು ಬೋರಲು ಹಾಕಿ, ಅದರ ಮೇಲೆ ಕುಲಾಯಿ ಹೊಂದಿಸಿ ಹೊಂದಿಸಿ ಹೆಣೆದಳು. ಗಿಳಿ ಹಸಿರು ನೂಲು. ಕೊನೆಯ ಸುತ್ತು ಮುಗಿದಾಗ ಕುಲಾಯಿ ತಂಬಿಗೆಯ ಮೇಲೆ ಎಷ್ಟು ಚೆಂದ ಕುಳಿತಿತೆಂದರೆ, ಅಕ್ಬರಸಾಬರು ಎದ್ದು ಬಂದು ತಂಬಿಗೆಯ ಗಲ್ಲ ಹಿಡಿದು, "ಮಾಶಾಅಲ್ಲಾ, ಯಾರ ಮಗಾಪಾ ನೀ?" ಎಂದರು.

ನೀಲಾ ದಾರ ಕತ್ತರಿಸಿ, ತುದಿಯನ್ನು ಒಳಗೆ ಸೇರಿಸಿ, ಗಂಟು ಹಾಕಿದಳು.

(ಓದುಗರಲ್ಲಿ ಜಾಣರು ಈಗಾಗಲೇ ನಕ್ಕಿದ್ದೀರಿ. ಬೈಲಹೊಂಗಲದ ತಂಬಿಗೆಗೂ ರಾಮದುರ್ಗದ ತಂಬಿಗೆಗೂ ಎಷ್ಟು ವ್ಯತ್ಯಾಸವಿರಬಹುದು ಎಂದು ನಾನು ನೀಲಾಳಿಗೆ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದ್ದರೆ ಲೇಖನವಾಗುತ್ತಿತ್ತು.)

೩

ಸಿಕ್ಕಿತು. ಸೋಮವಾರ ಬೆಳಿಗ್ಗೆ ರಾಮದುರ್ಗದ ಬಸ್ಸಿನಲ್ಲಿ, ಸವದತ್ತಿ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ. ಕಿಟಕಿಯಲ್ಲಿ ಸೌತೆಕಾಯಿ ಮಾರುವವಳು ಬಂದಳು, ಹೋದಳು. ನೀಲಾ ಏನನ್ನೂ ಕೊಳ್ಳಲಿಲ್ಲ. ಮಡಿಲಲ್ಲಿ ಚೀಲ, ಚೀಲದಲ್ಲಿ ಕುಲಾಯಿ, ಮಿಕ್ಕ ದಾರದ ಉಂಡೆ, ಸೂಜಿ. (ಕೆಲಸ ಮುಗಿದ ಮೇಲೂ ಸೂಜಿ ಯಾಕೆ? "ಇರ್ಲಿ, ಏನರೆ ಆದ್ರ?" ಇದು ನೀಲಾ ಜೀವನದಲ್ಲಿ ಅತಿ ಹೆಚ್ಚು ಸಲ ಆಡಿದ ಮಾತು.)

"ಈಗ ಹೇಳಲಾ?" ಎಂದು ಕೇಳಿದೆ.

"ಹೇಳ್ರಿ. ಆದ್ರ ಮಧೂನ್ನ ಕೆಟ್ಟಾಕಿ ಮಾಡಬ್ಯಾಡ್ರಿ," ಎಂದಳು.

ದೀಪಾವಳಿಗೆ ನೀಲಾ ಕಿತ್ತೂರಿಗೆ ಹೋಗಿದ್ದಳು. ಮಧು ಬಸುರಿ, ಕಾಲು ಬಾತಿದ್ದವು. ಅವಳಿಗೆ ಆರಾಮವಾಗಲಿ ಎಂದು ನೀಲಾ ಅಡುಗೆಮನೆಗೆ ಇಳಿದಳು. ಡಬ್ಬಿಗಳನ್ನೆಲ್ಲ ಇಳಿಸಿ ಒರೆಸಿ, ತನ್ನ ಮನೆಯಲ್ಲಿ ಹೇಗಿವೆಯೋ ಹಾಗೆ ಜೋಡಿಸಿದಳು. ಕಾಂತೇಶನಿಗೆ ಬೆಳ್ಳುಳ್ಳಿ ಜಾಸ್ತಿಯಾದರೆ ಎದೆ ಉರಿಯುತ್ತದೆ ಎಂದಳು. ಅವನ ಅಂಗಿಗಳನ್ನು ಬೇರೆ ರೀತಿ ಮಡಚಿದಳು. ಎಲ್ಲವೂ ಪ್ರೀತಿಯೇ. ಒಂದೊಂದು ಮಡಿಕೆಯಲ್ಲೂ ಪ್ರೀತಿ.

ಮಧು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಸಾಸಿವೆಯ ಡಬ್ಬಿ ಎಲ್ಲಿದೆ ಎಂದು ಹುಡುಕಿದಳು. ಸಿಗಲಿಲ್ಲ. ತನ್ನ ಅಡುಗೆಮನೆಯಲ್ಲಿ ತನಗೇ ಸಿಗಲಿಲ್ಲ. ಆಗ ಸಿಟ್ಟಿಲ್ಲದೆ, ದಣಿದ ದನಿಯಲ್ಲಿ ಹೇಳಿದಳು:

"ಅಕ್ಕಾರ, ಒಂದನ್ನರೆ ಬಿಡ್ರಿ. ಎಲ್ಲಾ ನೀವ ಹಿಡಕೊಂಡ್ರ, ನಾ ಏನ ಹಿಡಕೊಳ್ಲಿ?"

ನೀಲಾ ಸಾಸಿವೆಯ ಡಬ್ಬಿ ತೆಗೆದು ಅವಳ ಕೈಗೆ ಕೊಟ್ಟು, ಮಧ್ಯಾಹ್ನದ ಬಸ್ಸಿಗೇ ಹೊರಟುಬಿಟ್ಟಳು. ಇಬ್ಬರೂ ಆಮೇಲೆ ಫೋನ್ ಮಾಡಲಿಲ್ಲ. ಒಬ್ಬಳಿಗೆ ನೋವಾಗಿತ್ತು, ಇನ್ನೊಬ್ಬಳಿಗೆ ನೋವು ಮಾಡಿದೆನೆಂಬ ನಾಚಿಕೆ. ಯಾರಿಗೆ ಯಾವುದು ಎಂದು ಕೇಳಬೇಡಿ, ಇಬ್ಬರಿಗೂ ಎರಡೂ ಇದ್ದವು.

ಬಸ್ಸು ಹೊರಟಿತು. ತೊರಗಲ್ ದಾಟುವಾಗ ನೀಲಾ ಚೀಲದೊಳಗೆ ಕೈ ಹಾಕಿ ಕುಲಾಯಿಯನ್ನು ಮುಟ್ಟಿ ನೋಡಿದಳು. ಇತ್ತು.

೬

ಸಿದ್ದಲಿಂಗವ್ವನ ಪಡಸಾಲೆಯ ತುಂಬ ಹೆಂಗಸರು. ನಡುವೆ ಸೀರೆ ಸುತ್ತಿದ ತೊಟ್ಟಿಲು. ಮಧು ಅದರ ಹತ್ತಿರವೇ ಗೋಡೆಗೊರಗಿ ಕುಳಿತಿದ್ದಳು, ತಲೆಗೂ ಕಿವಿಗೂ ಬಟ್ಟೆ ಕಟ್ಟಿ, ಮಡಿಲಲ್ಲಿ ಕೂಸು. ನೀಲಾಳನ್ನು ನೋಡಿ, "ಬರ್ರಿ ಅಕ್ಕಾರ," ಎಂದಳು. ಎಲ್ಲರಿಗೂ ಹಾಗೆಯೇ ಅನ್ನುತ್ತಿದ್ದಳು. ಇದೂ ಅದೇನಾ, ಬೇರೆಯಾ ಎಂದು ನೀಲಾ ಒಳಗೇ ತೂಗಿದಳು. ಗೊತ್ತಾಗಲಿಲ್ಲ.

ಮೊದಲು ತೊಟ್ಟಿಲಿಗೆ ಕೂಸಲ್ಲ, ಗುಂಡಕಲ್ಲು. ಅರೆಯುವ ಕಲ್ಲನ್ನು ತೊಳೆದು, ಅರಿಷಿಣ ಹಚ್ಚಿ, ಕೂಸಿನಂತೆ ಬಟ್ಟೆ ತೊಡಿಸಿ ಮಲಗಿಸುತ್ತಾರೆ. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು. ಹಾಗಾಗಿ ಕುಲಾಯಿ ಕೂಡ ಮೊದಲು ಕಲ್ಲಿನ ತಲೆಗೇ.

ನೀಲಾ ಚೀಲದಿಂದ ಕುಲಾಯಿ ತೆಗೆದಳು. "ಅಯ್ಯ, ಎಷ್ಟ ಚಂದೈತಿ! ಕೈಯಾಗ ಹಾಕೀರೇನ್ರಿ?" ಎಂದು ನಾಲ್ಕು ಮಂದಿ ಕೇಳಿದರು. ಮಧು ನೋಡಿದಳು. ಕುಲಾಯಿ ಗುಂಡಕಲ್ಲಿನ ಮೇಲೆ ಹದವಾಗಿ ಕುಳಿತಿತು. ಬೈಲಹೊಂಗಲದ ತಂಬಿಗೆಗೆ ಸರಿಹೋದದ್ದು ರಾಮದುರ್ಗದ ಕಲ್ಲಿಗೂ ಸರಿಹೋಯಿತು. ಹೆಂಗಸರು ಕಲ್ಲನ್ನು ತೂಗಿ ಹಾಡಿದರು.

ಆಮೇಲೆ ಕಲ್ಲನ್ನು ತೆಗೆದು ಕೂಸನ್ನು ಮಲಗಿಸಿದರು. ನೀಲಾ ಬಗ್ಗಿ ಕುಲಾಯಿಯನ್ನು ಕೂಸಿನ ತಲೆಗೆ ಇಟ್ಟಳು.

ನೆತ್ತಿಯ ಮೇಲೆ ಅದು ಬಟ್ಟಲಿನ ಹಾಗೆ ನಿಂತಿತು. ಮೆಲ್ಲಗೆ ಒತ್ತಿದಳು. ಇಳಿಯಲಿಲ್ಲ. ಇನ್ನೊಂದು ಸಲ. ಕೂಸು ಹುಬ್ಬು ಗಂಟಿಕ್ಕಿತು. ಕಲ್ಲಿಗೆ ಬಂದದ್ದು, ತಂಬಿಗೆಗೆ ಬಂದದ್ದು, ಯಾರಿಗಾಗಿ ಮಾಡಿದ್ದೋ ಆ ತಲೆಗೆ ಬರಲಿಲ್ಲ.

ಹಾಡು ನಿಂತಿತು.

"ಸಣ್ಣದಾತೇನೋ," ಎಂದಳೊಬ್ಬಳು. "ತಂಬಿಗಿಯಷ್ಟ ಅಂದಿದ್ರಿ..." ಎಂದಳು ನೀಲಾ. ಸಿದ್ದಲಿಂಗವ್ವ ಒಳಗೋಡಿ ತಮ್ಮ ಮನೆಯ ತಂಬಿಗೆ ತಂದರು. ಅದು ತಂಬಿಗೆಯಲ್ಲ, ಹೆಚ್ಚುಕಡಿಮೆ ನೀರಿನ ಕೊಡದ ತಂಗಿ.

"ಇರ್ಲಿ ತಗೋರಿ, ನಾ ಹುಬ್ಬಳ್ಳಿಂದ ಒಂದ ತಂದೇನಿ," ಎಂದು ಮಧುವಿನ ಚಿಕ್ಕಮ್ಮ ಯಲ್ಲವ್ವ ಪ್ಲಾಸ್ಟಿಕ್ ಕವರು ಬಿಚ್ಚಿದಳು. ಗುಲಾಬಿ ಬಣ್ಣದ ಟೊಪ್ಪಿಗೆ, ಎರಡು ಕಡೆ ಕರಡಿಯ ಕಿವಿ.

ನೀಲಾ ಗಿಳಿ ಹಸಿರು ಕುಲಾಯಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು.

ಇಲ್ಲಿ ನಿಲ್ಲಿಸಿ ಯೋಚಿಸಬೇಕಾಗಿದೆ.

ಮುಕ್ತಾಯ (ಅ)

ಮಧು ಕಣ್ಣೀರಿಡುತ್ತ ಎದ್ದು ಬಂದು ನೀಲಾಳನ್ನು ಅಪ್ಪಿಕೊಂಡಳು. "ಅಕ್ಕಾ, ನನ್ನನ್ನು ಕ್ಷಮಿಸಿ..."

("ಯಾರಾಕಿ ಈಕಿ?" ಎಂದು ಮಧುವೇ ಕೇಳಿದಳು. ಅವಳು ನನ್ನೊಡನೆ ಮಾತಾಡಿದ್ದು ಇದೇ ಮೊದಲು. "ಬಾಣಂತಿ ಹಿಂಗ ಜಿಗಿದು ಏಳ್ತಾಳೇನ್ರಿ? ಮತ್ತ ಮಂದಿ ಮುಂದ ಅಪ್ಕೊಳ್ಳೋ ಪೈಕಿ ಅಲ್ಲ ನಾವು. ಇಬ್ರೂ ಅಲ್ಲ.")

ಮುಕ್ತಾಯ (ಆ)

ಕರಡಿ ಕಿವಿಯ ಟೊಪ್ಪಿಗೆ ಹಾಕಿದರು. ಹೆಸರಿಟ್ಟರು. ಗುದ್ದು ಮೆಲ್ಲಗೆ ಬಿದ್ದವು. ಊಟ ಚೆನ್ನಾಗಿತ್ತು. ನೀಲಾ ನಾಲ್ಕರ ಬಸ್ಸಿಗೆ ಹೊರಟಳು.

(ಇದು ಬಹಳ ಸಲ ಆಗುವಂಥದ್ದು. ಆದ್ದರಿಂದ ಇದೇ ನಿಜವಾದ ಮುಕ್ತಾಯ ಎಂದು ನನಗೂ ಅನ್ನಿಸಿತ್ತು. ದುಃಖದ್ದೇ ನಿಜ ಎಂದು ನಂಬುವ ಚಟ ಬರೆಯುವವರಿಗೆ ಇರುತ್ತದೆ. ಮಧು ಮತ್ತೆ ತಡೆದಳು. "ನನಗ ಒಂದ ಮಾತು ಕೊಡ್ರಿ. ಇಷ್ಟೊತ್ತು ಗ್ವಾಡಿಗೆ ಕುಂದರಿಸೀರಿ. ಒಂದಽ ಮಾತು." ಕೊಟ್ಟೆ. ಅವಳು ಒಂದಕ್ಕಿಂತ ಹೆಚ್ಚೇ ತೆಗೆದುಕೊಂಡಳು.)

೭

"ಚಿಗವ್ವಾ, ಅದನ್ನ ಒಳಗಿಡು," ಎಂದಳು ಮಧು. ಯಲ್ಲವ್ವನ ಕೈ ಕರಡಿಯ ಕಿವಿ ಹಿಡಿದು ಅಲ್ಲೇ ನಿಂತಿತು. "ಅಕ್ಕಾರ, ಇದು ಬಿಚ್ಚತೈತೇನ್ರಿ?"

"ಬಿಚ್ಚತೈತಿ."

"ಮತ್ತ ಹಾಕಾಕ ಬರತೈತೇನ್ರಿ?"

"ಬರತೈತಿ. ಆದ್ರ ಹೊತ್ತ ಹಿಡಿತೈತಿ."

"ಹಿಡೀಲಿ. ಕೂಸೇನು ಬಸ್ಸಿಗಿ ಹೊಂಟಿಲ್ಲ."

ಹೆಂಗಸರು ನಕ್ಕರು. ನೀಲಾ ತೊಟ್ಟಿಲ ಬದಿಗೆ ಕುಳಿತು ಸೂಜಿಯ ತುದಿಯಿಂದ ಗಂಟು ಬಿಡಿಸಿ, ದಾರ ಎಳೆದಳು. ಅಂಚು ಹೋಯಿತು, ಬದಿ ಹೋಯಿತು, ಎಳೆದಂತೆಲ್ಲ ವಾರದ ಸಂಜೆಗಳು ಒಂದೊಂದಾಗಿ ಸುರುಳಿಯಾಗಿ ನೆಲದ ಮೇಲೆ ಬಿದ್ದವು. ನೆತ್ತಿಯ ಚಕ್ಕೆಯಷ್ಟೇ ಉಳಿಯಿತು. ಅಲ್ಲಿಂದ ಇನ್ನೊಂದು ಸುತ್ತು ಹೆಚ್ಚಿಸಬೇಕು. ಒಂದೋ, ಎರಡೋ?

ಅವಳು ತೊಟ್ಟಿಲಿನ ಕಡೆ ನೋಡಿದಳು. ಕೇಳುವ ಧೈರ್ಯವಾಗಲಿಲ್ಲ.

"ಅಲ್ಲೇ ಐತಲ್ರಿ ತಲಿ. ಇಟ್ಟು ನೋಡ್ರಿ," ಎಂದಳು ಮಧು.

"ಏ ಮಧು! ಅಳೀಬಾರದವಾ!" ಸಿದ್ದಲಿಂಗವ್ವ ಗಾಬರಿಯಾದರು.

"ಅವ್ವಾ, ನೀ ಒಂದೀಟು ಆ ಕಡೆ ನೋಡು."

ಸಿದ್ದಲಿಂಗವ್ವ ಮಗಳನ್ನು ನೋಡಿದರು, ಬೀಗರ ಮಗಳನ್ನು ನೋಡಿದರು, ಆಮೇಲೆ ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಯಲ್ಲವ್ವನೂ ಕ್ಯಾಲೆಂಡರ್ ನೋಡಿದಳು. ಇಡೀ ಪಡಸಾಲೆಯ ಹೆಂಗಸರು ತೊಟ್ಟಿಲಿಗೆ ಬೆನ್ನು ಮಾಡಿ ಕ್ಯಾಲೆಂಡರ್ ನೋಡಿದರು. ನೀಲಾ ಹಸಿರು ಚಕ್ಕೆಯನ್ನು ಕೂಸಿನ ನೆತ್ತಿಯ ಮೇಲೆ ಇಟ್ಟಳು. ಬೆರಳಿಗೆ ಬೆಚ್ಚಗೆ ತಾಗಿತು, ಸುಳಿಯ ಕೆಳಗೆ ಏನೋ ಪುಟಪುಟ ಮಿಡಿಯುತ್ತಿತ್ತು. ಕುಲಾಯಿಯ ಮೇಲಿಂದಲ್ಲದೆ, ಅವಳ ಬೆರಳು ಕೂಸಿನ ಮೈಗೆ ತಾಗಿದ್ದು ಆಗಲೇ ಮೊದಲು.

"ಎರಡ ಸುತ್ತು," ಎಂದಳು.

"ಆತೇನ್ರಿ?" ಎಂದು ಕ್ಯಾಲೆಂಡರಿಗೆ ಕೇಳಿದರು ಸಿದ್ದಲಿಂಗವ್ವ.

ಬಿಚ್ಚಿದ ದಾರ ನೆಲದ ಮೇಲೆ ಸಿಕ್ಕಾಗತೊಡಗಿತ್ತು. ಮಧು ಕೈ ಚಾಚಿದಳು.

"ಇಲ್ಲಿ ತರ್ರಿ. ಇದನ್ನ ನಾ ಹಿಡಕೋತೇನಿ."

ಅವಳು ದಾರವನ್ನು ತನ್ನ ಬೆರಳುಗಳಿಗೆ ಸುತ್ತಿ ಉಂಡೆ ಮಾಡಿದಳು. ಚೀಲದಲ್ಲಿ ಮಿಕ್ಕಿದ್ದ ದಾರವನ್ನೂ ಅದರ ತುದಿಗೆ ಸೇರಿಸಿ ಕಟ್ಟಿದಳು. ನೀಲಾ ಸೂಜಿ ಹಾಕಿದಳು, ಎಂದಿನಂತೆ ದಾರವನ್ನು ಬಿಗಿದು ಎಳೆದಳು. ದಾರ ಬಿಗಿಯಲೇ ಇಲ್ಲ. ಮಧು ಆ ಕಡೆಯಿಂದ ಬಿಡುತ್ತಿದ್ದಳು. ನೀಲಾಳ ಬೆರಳು ಬಿಗಿಯುವ ಮೊದಲೇ ಒಂದು ಗೇಣು, ಇನ್ನೊಂದು ಗೇಣು ಸಡಿಲ ದಾರ ಬಂದು ಬೀಳುತ್ತಿತ್ತು. ಕುಣಿಕೆಗಳು ತಾವಾಗಿ ಅಗಲವಾದವು. ಯೂಟ್ಯೂಬಿನವಳಿಗೂ ಹಸೀನಾಬಿಗೂ ಆಗದ ಕೆಲಸ. ಕೈ ಹಾಗೆಯೇ ಇತ್ತು. ದಾರ ಕೊಡುವವರು ಬೇರೆಯಾಗಿದ್ದರು.

(ಇಲ್ಲಿ ಒಂದು ವಾಕ್ಯ ಬರೆದು ಹೊಡೆದುಹಾಕಿದೆ. ನೀಲಾ ಕೇಳುವ ಮೊದಲೇ.)

"ಸಾಸಿವಿ ಡಬ್ಬಿ ಈಗ ಎಲ್ಲೈತಿ?" ತಲೆಯೆತ್ತದೆ ಕೇಳಿದಳು ನೀಲಾ.

"ನೀವ ಇಟ್ಟಲ್ಲೇ ಐತ್ರಿ," ಎಂದಳು ಮಧು. "ರೂಢಿ ಆಗೇತಿ." ಸ್ವಲ್ಪ ಹೊತ್ತಿನ ಮೇಲೆ, "ಬೆಳ್ಳುಳ್ಳಿ ಮಾತ್ರ ಹಾಕೇ ಹಾಕ್ತೇನಿ."

"ಹಾಕು. ಅವನ ಎದಿ ಉರದ್ರ ಉರೀಲಿ."

ಹೆಂಗಸರು ಗೊತ್ತಿದ್ದ ಹಾಡೆಲ್ಲ ಮುಗಿಸಿ ಮೊದಲಿನಿಂದ ಹಾಡಿದರು. ಒಳಗೆ ಹೋಳಿಗೆ ಆರುತ್ತಿದ್ದವು. ಗಂಡಸರ ಕಡೆಯಿಂದ ಕಾಂತೇಶ ಎರಡು ಸಲ ಇಣುಕಿ, ಅಕ್ಕ ಮತ್ತು ಹೆಂಡತಿ ಒಂದೇ ದಾರದ ಎರಡು ತುದಿಗೆ ಕುಳಿತದ್ದು ನೋಡಿ, ಏನೂ ಕೇಳದಿರುವುದೇ ಲೇಸೆಂದು ಹಿಂದಕ್ಕೆ ಹೋದ.

ಇನ್ನು ಒಂದು ಸುತ್ತು ಇತ್ತು. ಅಂಚಿನದು. ಆಗ ಕೂಸು ಎಚ್ಚರವಾಗಿ ಅಳತೊಡಗಿತು.

"ಸಾಕ್ರಿ, ಅಂಚ ಆಮ್ಯಾಲ ಹಾಕ್ರಿ. ಹೆಸರ ಹೇಳ್ರಿ ಮೊದಲ!" ಎಂದರು ಸಿದ್ದಲಿಂಗವ್ವ.

ನೀಲಾ ಸೂಜಿ ತೆಗೆದು ಕೊನೆಯ ಕುಣಿಕೆಯನ್ನು ಉದ್ದಕ್ಕೆ ಜಗ್ಗಿ ಬಿಟ್ಟಳು, ಬೆಕ್ಕು ಬಂದರೆ ಇರಲಿ ಎಂದು. ಕುಲಾಯಿಯನ್ನು ಕೂಸಿನ ತಲೆಗೆ ಇಟ್ಟಳು. ಇಳಿಯಿತು. ಕಿವಿಯ ತನಕ ಇಳಿಯಿತು.

"ಕತ್ರಿ ತರ್ರಿ ಯಾರರೆ, ದಾರ ಇನ್ನೂ ಹಂಗ ಐತಿ," ಎಂದಳು ಯಲ್ಲವ್ವ.

"ತೊಟ್ಲ ಮ್ಯಾಲ ಕತ್ರಿ ಆಡಸ್ತಾರೇನ? ಇರ್ಲಿ ಬಿಡು!" ಎಂದು ಸಿದ್ದಲಿಂಗವ್ವ ಗದರಿದರು.

ಹಾಗಾಗಿ ದಾರ ಇತ್ತು. ಕೂಸಿನ ಕಿವಿಯ ಬಳಿಯಿಂದ ಹೊರಟು, ತೊಟ್ಟಿಲಿನ ಅಂಚು ದಾಟಿ, ನೀಲಾಳ ಮೊಣಕೈ ಬಳಸಿ, ಮಧುವಿನ ಮಡಿಲಲ್ಲಿದ್ದ ಉಂಡೆಯವರೆಗೆ. ಯಾರು ಜಗ್ಗಿದರೂ ಕುಲಾಯಿ ಪೂರಾ ಬಿಚ್ಚಿಹೋಗುತ್ತದೆ. ಮಧು ಉಂಡೆಯನ್ನು ಎರಡೂ ಕೈಯಲ್ಲಿ, ಹಕ್ಕಿಮರಿಯನ್ನು ಹಿಡಿದಂತೆ ಹಿಡಿದಿದ್ದಳು.

ನೀಲಾ ಬಗ್ಗಿದಳು. ಕೂಸಿನ ಕಿವಿಗೆ ಬಾಯಿಟ್ಟು ಹೆಸರು ಹೇಳಿದಳು.

ನನಗೆ ಕೇಳಿಸಲಿಲ್ಲ. ಆ ಕ್ಷಣಕ್ಕೇ ಬೆನ್ನಿಗೆ ಗುದ್ದುಗಳು ಬಿದ್ದವು, ಧಪಧಪ, ಯಲ್ಲವ್ವನದಂತೂ ಕರಡಿಯ ಸೇಡು ತೀರಿಸಿಕೊಳ್ಳುವಂತೆ. ಎಲ್ಲಕ್ಕಿಂತ ಹಗುರವಾದದ್ದು ಒಂದು ಬಿದ್ದಿತು, ಕೊನೆಗೆ, ಗೋಡೆಯ ಕಡೆಯಿಂದ, ಉಂಡೆಯಿಂದ ಬಿಡಿಸಿಕೊಂಡು ಬಂದ ಒಂದು ಕೈಯಿಂದ.

ಸಂಪಾದಕಿಯವರು ಫೋನ್ ಮಾಡಿದ್ದರು. ಲೇಖನದಲ್ಲಿ ಕೊನೆಯ ತಪ್ಪು ಬಿಟ್ಟುಹೋಗಿದೆಯಂತೆ: ಕೆಲಸ ಮುಗಿದ ಮೇಲೆ ದಾರ ಕತ್ತರಿಸಿ, ಕೊನೆಯ ಕುಣಿಕೆಯೊಳಗೆ ತೂರಿಸಿ, ಎಳೆದು ಗಂಟು ಹಾಕದೆ ಇರುವುದು. ಹೌದು, ಹೊಸಬರು ಅದನ್ನು ಮರೆಯುತ್ತಾರೆ. ನಾನು ಮರೆತಿಲ್ಲ. ಕತ್ತರಿ ನನ್ನ ಮೇಜಿನ ಮೇಲೆಯೇ ಇದೆ. ಆದರೆ ರಾಮದುರ್ಗದ ಆ ಪಡಸಾಲೆಯಲ್ಲಿ ಕೂಸು ಈಗಷ್ಟೇ ಅಳು ನಿಲ್ಲಿಸಿದೆ, ಯಾರೋ ತೊಟ್ಟಿಲು ತೂಗುತ್ತಿದ್ದಾರೆ, ತೊಟ್ಟಿಲು ಆ ಕಡೆ ಹೋದಾಗ ದಾರ ಹೋಗುತ್ತದೆ, ಈ ಕಡೆ ಬಂದಾಗ ಬರುತ್ತದೆ, ಮಧು ಬಿಡುತ್ತಾಳೆ, ನೀಲಾ